ಮಳಿಗೆಯ ಬಾಗಿಲಿಗೆ ಬಾರದ ಫೈಬರ್: ಕೊನೆಯ ನೂರು ಮೀಟರಿನ ಲೆಕ್ಕ

ವರ್ತಕರ ಲೆಕ್ಕಪತ್ರ ಇಂದು ಅಂತರಜಾಲಕ್ಕೆ ಕಟ್ಟುಬಿದ್ದಿದೆ. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಯಾದ ಮೇಲೆ ರಿಟರ್ನ್ ಸಲ್ಲಿಕೆ, 2018ರ ಏಪ್ರಿಲ್‌ನಿಂದ 50,000 ರೂ. ಮೀರಿದ ಸರಕಿಗೆ ಇ-ವೇ ಬಿಲ್, 2023ರ ಆಗಸ್ಟ್‌ನಿಂದ 5 ಕೋಟಿ ರೂ. ಮೀರಿದ ವಹಿವಾಟುದಾರರಿಗೆ ಇ-ಇನ್‌ವಾಯ್ಸ್, ಎಲ್ಲವೂ ಈ ಮಾರ್ಗವಾಗಿಯೇ ನಡೆಯಬೇಕು. ಸಂಪರ್ಕ ಕಡಿದರೆ ತುಂಬಿದ ಲಾರಿ ಅಂಗಳದಲ್ಲೇ ನಿಲ್ಲುತ್ತದೆ. ಮಾಸಿಕ ರಿಟರ್ನ್ ತಡವಾದರೆ ದಿನಕ್ಕೆ 50 ರೂ. ವಿಳಂಬ ಶುಲ್ಕವೂ ಬಾಕಿ ತೆರಿಗೆಗೆ ವಾರ್ಷಿಕ ಶೇ. 18 ಬಡ್ಡಿಯೂ ಬೀಳುತ್ತವೆ.

ಆದರೂ ಗೋಕಾಕ, ಮೂಡಲಗಿ, ಹುಕ್ಕೇರಿಗಳಂತಹ ತಾಲ್ಲೂಕು ಕೇಂದ್ರಗಳಲ್ಲಿ ಮುಖ್ಯ ರಸ್ತೆಯವರೆಗೆ ಬಂದ ಆಪ್ಟಿಕಲ್ ಫೈಬರ್, ಒಳಗಲ್ಲಿಯ ಹಳೆಯ ಮಳಿಗೆಗೋ ಊರ ಹೊರಗಿನ ಗೋದಾಮಿಗೋ ತಲುಪದೆ ಉಳಿಯುವುದುಂಟು. ಇದು ತಂತ್ರಜ್ಞಾನದ ಕೊರತೆಯಲ್ಲ. ಈ ವ್ಯವಸ್ಥೆಯಲ್ಲಿ ಕೇಂದ್ರದಿಂದ ಸುಮಾರು 20 ಕಿ.ಮೀ.ವರೆಗೆ ಸಂಕೇತ ಸಾಗಬಲ್ಲದು; ಒಂದೇ ಎಳೆಯನ್ನು ಸ್ಪ್ಲಿಟರ್ ಮೂಲಕ 32 ಅಥವಾ 64 ಗ್ರಾಹಕರಿಗೆ ಹಂಚಬಹುದು. ತೊಡಕಿರುವುದು ಖರ್ಚಿನಲ್ಲಿ ಮತ್ತು ಅನುಮತಿಯಲ್ಲಿ.

ಖರ್ಚಿನ ಲೆಕ್ಕ

ಕೇಂದ್ರ ಸರ್ಕಾರ 2011ರಲ್ಲಿ ಮಂಜೂರು ಮಾಡಿ, ಮುಂದೆ ಭಾರತ್‌ನೆಟ್ ಎಂದು ಹೆಸರಿಸಿದ ಯೋಜನೆಯ ಗುರಿ ಗ್ರಾಮ ಪಂಚಾಯಿತಿಗಳು. ಪಟ್ಟಣದ ಮಳಿಗೆಯ ವಿಷಯದಲ್ಲಿ ಸೇವಾ ಸಂಸ್ಥೆಯು ಹೂಡಿದ ಬಂಡವಾಳ ಮರಳುವ ಅವಧಿಯನ್ನೇ ನೋಡುತ್ತದೆ. ಉದಾಹರಣೆಗೆ, ಒಂದು ಕಟ್ಟಡಕ್ಕೆ ಕೇಬಲ್ ಎಳೆಯಲು 60,000 ರೂ. ತಗಲುವುದೆಂದು ಇಟ್ಟುಕೊಂಡರೆ, ತಿಂಗಳಿಗೆ 800 ರೂ. ಕೊಡುವ ಒಬ್ಬನೇ ಗ್ರಾಹಕನಿಂದ ಅದು ಮರಳಲು, ನಿರ್ವಹಣಾ ವೆಚ್ಚ ಬಿಟ್ಟರೂ, 75 ತಿಂಗಳು ಬೇಕು. ಹತ್ತು ಮಳಿಗೆಗಳು ಒಟ್ಟಾಗಿ ಬಂದರೆ ಏಳೂವರೆ ತಿಂಗಳು ಸಾಕು.

ಅನುಮತಿಯ ತೊಡಕು

2025ರ ಜನವರಿ 1ರಿಂದ ಜಾರಿಯಲ್ಲಿರುವ ದೂರಸಂಪರ್ಕ ಮಾರ್ಗಾಧಿಕಾರ ನಿಯಮಗಳ ಪ್ರಕಾರ, ಸಾರ್ವಜನಿಕ ಪ್ರಾಧಿಕಾರವು ಅರ್ಜಿಯನ್ನು 67 ದಿನಗಳಲ್ಲಿ ಇತ್ಯರ್ಥಪಡಿಸದಿದ್ದರೆ ಅನುಮತಿ ದೊರೆತಂತೆಯೇ ಸರಿ. ಖಾಸಗಿ ಕಟ್ಟಡಕ್ಕೆ ಆಸ್ತಿಯ ಒಡೆತನ ಅಥವಾ ನಿರ್ವಹಣೆ ಹೊಂದಿದವರೊಡನೆ ಒಪ್ಪಂದವೇ ಆಗಬೇಕು. ಗೋಡೆ, ಮಾಳಿಗೆ, ಮೆಟ್ಟಿಲು ಹಲವರ ಪಾಲಿನಲ್ಲಿದ್ದರೆ ಒಬ್ಬರ ಮಾತು ಸಾಲದು. ಕೇಬಲಿಗೆ ಜಾಗ ಕೊಟ್ಟರೆ ನಾಳೆ ಹಕ್ಕು ಕೇಳಿಯಾರೆಂಬ ಅಳುಕು ಮಾಲೀಕರಿಗೆ ಸಹಜ. ಆದರೆ 2023ರ ದೂರಸಂಪರ್ಕ ಅಧಿನಿಯಮದ 14ನೆಯ ಕಲಮಿನಂತೆ, ಬಳಕೆಯ ಅವಕಾಶದ ಹೊರತು ಆಸ್ತಿಯ ಮೇಲೆ ಸೇವಾ ಸಂಸ್ಥೆಗೆ ಯಾವ ಹಕ್ಕೂ ಹುಟ್ಟುವುದಿಲ್ಲ.

ಕೇಬಲನ್ನು ವಿದ್ಯುತ್ ಕಂಬಗಳ ಮೇಲೆ ಒಯ್ಯುವುದಾದರೆ ಕಂಬ ಯಾರದೆಂಬ ಪ್ರಶ್ನೆ ಏಳುತ್ತದೆ. ಗೋಕಾಕ, ಮೂಡಲಗಿಗಳಲ್ಲಿ ವಿದ್ಯುತ್ ವಿತರಣೆ ಹೆಸ್ಕಾಂನದು. ಹುಕ್ಕೇರಿ ತಾಲ್ಲೂಕಿನಲ್ಲಿ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ್ದು. 1969ರಲ್ಲಿ ಸ್ಥಾಪನೆಯಾದ ಈ ಸಂಘ ದೇಶದ ಮೊದಲ ಐದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳಲ್ಲಿ ಒಂದು. ಬಿಡಿ ಗ್ರಾಹಕರು ಒಗ್ಗೂಡಿದರೆ ತಂತಿ ಹಳ್ಳಿಗೂ ಬರುತ್ತದೆಂಬುದಕ್ಕೆ ನಿದರ್ಶನ ಈ ಭಾಗದಲ್ಲೇ ಇದೆ.

ವರ್ತಕರು ಮಾಡಬೇಕಾದದ್ದು

ಒಂದೇ ಕಟ್ಟಡ ಅಥವಾ ಗಲ್ಲಿಯ ವರ್ತಕರು ಮಳಿಗೆ ಸಂಖ್ಯೆ, ಬೇಕಾದ ವೇಗಗಳ ವಿವರದೊಡನೆ ಒಂದೇ ಬೇಡಿಕೆ ಪತ್ರ ಸಿದ್ಧಪಡಿಸಿ, ಮಾಲೀಕರೆಲ್ಲರ ಲಿಖಿತ ಒಪ್ಪಿಗೆ ಲಗತ್ತಿಸಿ, ಎರಡು-ಮೂರು ಸೇವಾ ಸಂಸ್ಥೆಗಳಿಗೆ ಸಲ್ಲಿಸುವುದು ಒಳಿತು. ಯಾವ ಸಂಸ್ಥೆಗೂ ಏಕಸ್ವಾಮ್ಯ ಬರೆದುಕೊಡಬಾರದು. ಸಂಪರ್ಕವು ಉದ್ದಿಮೆಯ ಹೆಸರಿನಲ್ಲಿದ್ದು ಬಿಲ್ಲಿನಲ್ಲಿ ಅದರ ಜಿ.ಎಸ್.ಟಿ. ಸಂಖ್ಯೆ ನಮೂದಾಗಿರಬೇಕು, ಆಗ 800 ರೂ. ಶುಲ್ಕದ ಮೇಲಿನ 144 ರೂ. ತೆರಿಗೆಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುತ್ತದೆ. ಕಾಂಪೋಸಿಷನ್ ಪದ್ಧತಿಯವರಿಗೆ ಈ ಸೌಲಭ್ಯವಿಲ್ಲ. ಫೈಬರ್ ಬರುವವರೆಗೆ ಮೊಬೈಲ್ ಸಂಪರ್ಕವನ್ನೇ ನಂಬಿದವರು ರಿಟರ್ನ್ ಸಲ್ಲಿಕೆಯನ್ನು 20ನೆಯ ತಾರೀಖಿನ ಸಂಜೆಗೆ ಉಳಿಸಿಕೊಳ್ಳದಿರುವುದು ಕ್ಷೇಮ.