ಕೆರೆಗೋಡಿನ ತಾವರೆ

ಹೊಳಲ್ಕೆರೆ ಕಡೆಯ ಅಡಿಕೆ ತೋಟಗಳನ್ನು ದಾಟಿ ಬಂಡಿ ಜಾಡು ಕೆರೆ ಏರಿಯ ಮೇಲೆ ಹತ್ತುವ ಹೊತ್ತಿಗೆ ಮೂಡಲಿನ್ನೂ ಕೆಂಪಾಗಿರುವುದಿಲ್ಲ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಬನ್ನಿ, ಏರಿಯ ಹುಲ್ಲು ಒದ್ದೆಯಾಗಿ ಜಾರುತ್ತದೆ. ನೀರು ಕಣ್ಣಿಗೆ ಬೀಳುವ ಮೊದಲೇ ವಾಸನೆ ಬಂದು ತಾಗುತ್ತದೆ: ಹಸಿ ಕೆಸರು, ಕೊಳೆತ ಎಲೆ, ಅವೆರಡರ ಸಂದಿಯಲ್ಲೆಲ್ಲೋ ತೆಳ್ಳಗೆ ಸುಳಿಯುವ ಸಿಹಿ. ಕತ್ತಲಲ್ಲಿ ಪಟಪಟ ಎಂದು ಏನೋ ನೀರಿನ ಮೇಲೆ ಓಡುತ್ತದೆ; ನೀರುಕೋಳಿ. ತೂಬಿನ ಕಲ್ಲುಗಂಬದ ಪಕ್ಕ ಮೂವರು ನಿಂತು ಲಾರಿಯ ಹಳೆ ಟ್ಯೂಬಿಗೆ ಪಂಪು ಒತ್ತುತ್ತಿದ್ದಾರೆ. ಇದು ಶ್ರಾವಣದ ಗುರುವಾರ. ನಾಳೆ ವರಮಹಾಲಕ್ಷ್ಮಿ.

ಟ್ಯೂಬಿನ ನಡುವೆ ಹಲಗೆ ಕಟ್ಟಿ, ಅದರ ಮೇಲೆ ಒಬ್ಬ ಕಾಲು ಚಾಚಿ ಕೂತು ಕೈಯಲ್ಲೇ ನೀರು ತಳ್ಳುತ್ತ ಹೋಗುತ್ತಾನೆ. ಉಳಿದಿಬ್ಬರು ಎದೆಮಟ್ಟದ ನೀರಿಗೆ ಇಳಿಯುತ್ತಾರೆ. ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು ತೊಟ್ಟೇ ಇಳಿಯಬೇಕು. ತಾವರೆ ದಂಟಿನ ಮೈತುಂಬ ಸಣ್ಣ ಮುಳ್ಳು, ಬರಿಮೈಗೆ ತಾಗಿದರೆ ತೊಡೆ, ಮುಂಗೈಯಲ್ಲೆಲ್ಲ ಕೆಂಪು ಗೆರೆ ಎದ್ದು ಸಂಜೆವರೆಗೂ ಉರಿಯುತ್ತದೆ. ಅರಳಿದ ಹೂವನ್ನು ಇವರು ಮುಟ್ಟುವುದಿಲ್ಲ. ಅದು ಪೇಟೆ ಮುಟ್ಟುವಷ್ಟರಲ್ಲಿ ಎಸಳು ಉದುರಿಸಿಕೊಂಡಿರುತ್ತದೆ. ಬಿಗಿಯಾಗಿ, ತುದಿ ಮಾತ್ರ ನಸುಗೆಂಪಾದ ಮೊಗ್ಗನ್ನು ಬೆರಳಲ್ಲಿ ಒತ್ತಿ ನೋಡಿ ಮುರಿಯುತ್ತಾರೆ. ಟಪ್ ಎಂಬ ಸದ್ದು. ಮುರಿದ ಕಡೆ ಎಳೆ ಎಳೆಯಾಗಿ ನೂಲು ಹೊರಟು ಗಾಳಿಯಲ್ಲಿ ತೇಲುತ್ತದೆ. ಮೊಗ್ಗುಗಳನ್ನು ಕಟ್ಟು ಕಟ್ಟಿ, ಅದೇ ಗಿಡದ ಅಗಲ ಎಲೆಯಲ್ಲಿ ಸುತ್ತಿ ಏರಿಯ ಮೇಲಿಟ್ಟಾಗ ಮೊದಲ ಬಸ್ಸಿನ ಹಾರ್ನ್ ಕೇಳುತ್ತದೆ.

ಅವರು ಬಿಟ್ಟುಹೋದ ಹೂಗಳ ಹತ್ತಿರ ಒಂದಿಷ್ಟು ಹೊತ್ತು ನಿಲ್ಲೋಣ. ಬೆಳಕು ಹರಿಯುತ್ತಿದ್ದಂತೆ ಅವು ಬಿಚ್ಚಿಕೊಳ್ಳುತ್ತವೆ, ಬಿಸಿಲೇರಿದ ಮೇಲೆ ಮತ್ತೆ ಮುಚ್ಚುತ್ತವೆ. ಹೀಗೆ ಮೂರು, ನಾಲ್ಕು ದಿನ. ಆಮೇಲೆ ಎಸಳು ಒಂದೊಂದೇ ನೀರಿಗೆ ಬೀಳುತ್ತದೆ. ತಣ್ಣನೆ ಬೆಳಗಿನಲ್ಲಿ ಅರಳುವ ಹೂವಿನ ನಡುವೆ ಬೆರಳಿಟ್ಟರೆ ಒಳಗೆ ಬೆಚ್ಚಗಿರುತ್ತದೆ. ಹೊರಗಿನ ಗಾಳಿ ತಂಪಾಗಿದ್ದರೂ ತಾವರೆ ತನ್ನ ಒಡಲನ್ನು 30ರಿಂದ 36 ಡಿಗ್ರಿಯ ಶಾಖದಲ್ಲಿ ತಾನೇ ಕಾಯ್ದುಕೊಳ್ಳಬಲ್ಲದು ಎಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 1996ರಲ್ಲಿ ಅಳೆದು ತೋರಿಸಿದ್ದಾರೆ. ಒಳಗೆ ರಾತ್ರಿ ಕಳೆಯುವ ದುಂಬಿಗಳಿಗೆ ಆ ಬಿಸುಪು ಹಿತ. ಎಲೆಯನ್ನೂ ನೋಡಿ. ನೈದಿಲೆಯ ಎಲೆ ಒಂದು ಕಡೆ ಸೀಳಿರುತ್ತದೆ, ನೀರಿಗೆ ಅಂಟಿ ಮಲಗಿರುತ್ತದೆ. ತಾವರೆಯದು ಸೀಳಿಲ್ಲದ ದುಂಡು, ನಡು ಮಧ್ಯಕ್ಕೆ ದಂಟು, ಬಲಿತಮೇಲೆ ನೀರು ಬಿಟ್ಟು ಮೊಣಕಾಲೆತ್ತರ, ಸೊಂಟದೆತ್ತರ ಎದ್ದು ನಿಲ್ಲುತ್ತದೆ. ಅದರ ಮೇಲೆ ಬಿದ್ದ ಹನಿ ನಿಲ್ಲುವುದಿಲ್ಲ, ಧೂಳನ್ನು ಸುತ್ತಿಕೊಂಡು ಉರುಳಿಹೋಗುತ್ತದೆ.

ಇಷ್ಟು ನೀರು, ಇಷ್ಟು ಹಸಿರು ನೋಡಿ ಇದು ಚಿತ್ರದುರ್ಗದ ಸೀಮೆ ಎಂಬುದನ್ನು ಮರೆಯಬಾರದು. ಏರಿಯ ಆಚೆಗೆ ತಿರುಗಿದರೆ ಕಲ್ಲುಗುಡ್ಡ, ಕೆಂಪು ನೆಲ, ಶೇಂಗಾ ಹೊಲ, ದೂರದ ಗುಡ್ಡದ ನೆತ್ತಿಯಲ್ಲಿ ತಿರುಗುವ ಗಾಳಿಯಂತ್ರ. ಮುಂಗಾರು ಇಲ್ಲಿಗೆ ಬರುವುದು ಮಲೆನಾಡಿಗೆ ಸುರಿದು ಮಿಕ್ಕದ್ದನ್ನು ಹೊತ್ತು. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ, ಅದರಲ್ಲೂ ಕೆರೆಗೆ ನೀರು ತರುವುದು ಹೆಚ್ಚಾಗಿ ಉತ್ತರೆ, ಹಸ್ತ, ಚಿತ್ತೆಯ ಹೊತ್ತಿನದು. ಹಿರಿಯೂರಿನ ಮಾರಿಕಣಿವೆಯನ್ನೇ ನೋಡಿ. ವೇದಾವತಿಗೆ ಅಡ್ಡವಾಗಿ ಎರಡು ಗುಡ್ಡಗಳ ನಡುವೆ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಮುಗಿಯಿತು. ಅದು ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಕೋಡಿಯ ಮೇಲೆ ನೀರು ಹರಿಯಲು ಜನ 2022ರ ಸೆಪ್ಟೆಂಬರಿನವರೆಗೆ ಕಾದರು. ಅಂದು ಮಕ್ಕಳು ಮರಿಗಳೊಂದಿಗೆ ಊರಿಗೆ ಊರೇ ಅಲ್ಲಿ ನೆರೆದಿತ್ತು.

ಮಾರಿಕಣಿವೆಯೇ ಹೀಗೆ ಕಾಯಬೇಕಾದರೆ ಊರ ಮುಂದಿನ ಸಣ್ಣ ಕೆರೆಗಳ ಪಾಡೇನು. ಮಳೆ ಕೈಕೊಟ್ಟ ಸಾಲು ಸಾಲು ವರ್ಷಗಳಲ್ಲಿ ಅಂಗಳ ಬಿರುಕು ಬಿಟ್ಟು, ಬಳ್ಳಾರಿ ಜಾಲಿ ಬೆಳೆದು, ಹುಡುಗರು ಅಲ್ಲಿ ಕ್ರಿಕೆಟ್ ಆಡುತ್ತಾರೆ. ಆಮೇಲೊಂದು ಹಿಂಗಾರು ಭರ್ತಿ ಸುರಿಯುತ್ತದೆ, ಹಳ್ಳ ಬರುತ್ತದೆ, ಬೇಸಿಗೆಯ ಹೊತ್ತಿಗೆ ನೀರಿನ ಮೇಲೆ ನಾಣ್ಯದಗಲದ ಎಲೆಗಳು ತೇಲುತ್ತವೆ. ಯಾರೂ ನೆಟ್ಟಿರುವುದಿಲ್ಲ. ನೆಟ್ಟಿಟ್ಟಿದ್ದು, ಕಾಯ್ದಿಟ್ಟಿದ್ದು ಗೋಡು. ಕೆರೆಯ ತಳದ ಆ ಕಪ್ಪು ಜಿಗುಟು ಮಣ್ಣು ಮೇಲೆ ಒಣಗಿ ಹೆಂಚಾದರೂ ಆಳದಲ್ಲಿ ತೇವ ಹಿಡಿದಿರುತ್ತದೆ. ತೇವ ಇರುವಷ್ಟು ದಿನ ಗೆಡ್ಡೆ ಅಲ್ಲಿ ಜೀವ ಹಿಡಿದಿರುತ್ತದೆ. ಅದೂ ಸತ್ತರೆ ಬೀಜ ಇದೆ.

ಬೀಜದ ಮಾತಿಗೆ ಹೊಸದುರ್ಗದ ಕಡೆಯ ಒಂದು ಹಿತ್ತಿಲಿಗೆ ಹೋಗಬೇಕು. ಸುತ್ತ ತೆಂಗಿನ ತೋಟ, ಸೋಗೆಯ ಸಂದಿಯಿಂದ ಬಿಸಿಲು ಚೂರುಚೂರಾಗಿ ಬೀಳುತ್ತದೆ, ಆದರೆ ಬಾನಿ ಇಟ್ಟಿರುವುದು ಮರದ ನೆರಳು ತಾಗದ ಕೊಟ್ಟಿಗೆ ಮುಂದಿನ ಬಯಲಲ್ಲಿ. ಹಿಂದೆ ದನಕ್ಕೆ ಕಲಗಚ್ಚು ಹೊಯ್ಯುತ್ತಿದ್ದ ದೊಡ್ಡ ಕಲ್ಲುಬಾನಿ ಅದು. ಈಗ ಅದರೊಳಗೆ ಐದಾರು ಎಲೆ ತಲೆಯೆತ್ತಿವೆ. ಮನೆಯ ಅಜ್ಜಿ ಸೆರಗಿನ ಗಂಟಿನಿಂದ ಕಡಲೆಗಿಂತ ತುಸು ದೊಡ್ಡದಾದ ಕರಿಯ ಬೀಜ ತೆಗೆದು ಅಂಗೈಗೆ ಹಾಕುತ್ತಾರೆ. ಕಲ್ಲಿನಷ್ಟು ಗಟ್ಟಿ. ಅಂಗಳದ ಒರಟು ಕಲ್ಲಿಗೆ ನೀರು ಚಿಮುಕಿಸಿ, ಬೀಜದ ತಗ್ಗಿರುವ ತುದಿಯನ್ನು ಉಜ್ಜತೊಡಗುತ್ತಾರೆ. ಗರಗರ ಸದ್ದು. ಮೊದಲು ಕರಿ ಹೋಗಿ ಕಂದು, ಅದರೊಳಗಿಂದ ಹಾಲುಬಿಳಿ ಇಣುಕಿದ ಕೂಡಲೇ ನಿಲ್ಲಿಸುತ್ತಾರೆ. “ಇನ್ನೂ ಉಜ್ಜಿದ್ರೆ ಮೊಳಕೆಗೆ ಗಾಯ ಆಗ್ತೈತೆ ಕಣಪ್ಪಾ,” ಎನ್ನುತ್ತ ಲೋಟದ ನೀರಿಗೆ ಬಿಡುತ್ತಾರೆ. ಒಂದೆರಡು ದಿನಕ್ಕೆ ಅದು ಊದಿ ಇಮ್ಮಡಿಯಾಗುತ್ತದೆ, ವಾರದೊಳಗೆ ಹಸಿರು ಮೊಳಕೆ ಡೊಂಕಾಗಿ ಹೊರಗೆ ಬರುತ್ತದೆ. ನೀರನ್ನು ದಿನಾ ಬದಲಿಸಬೇಕು, ಇಲ್ಲವಾದರೆ ಮಬ್ಬಾಗಿ ನಾರುತ್ತದೆ. ಉಜ್ಜದೆ ನೀರಿಗೆ ಹಾಕಿದ ಬೀಜ ತಿಂಗಳಾದರೂ ಹಾಗೆಯೇ ಬಿದ್ದಿರುತ್ತದೆ. ಆ ಚಿಪ್ಪು ನೀರನ್ನು ಒಳಗೆ ಬಿಡುವುದೇ ಇಲ್ಲ.

ಆ ಚಿಪ್ಪಿನ ತಾಳಿಕೆ ಎಷ್ಟೆಂದು ತಿಳಿದಾಗ ಬೀಜವನ್ನು ಹಿಡಿಯುವ ಕೈ ಬೇರೆಯಾಗುತ್ತದೆ. ಈಶಾನ್ಯ ಚೀನಾದ ಒಣಗಿದ ಕೆರೆಯೊಂದರ ಪದರದಲ್ಲಿ ಸಿಕ್ಕಿದ ತಾವರೆ ಬೀಜ ಸುಮಾರು 1,300 ವರ್ಷ ಹಳೆಯದೆಂದು ಲೆಕ್ಕವಾಯಿತು, ಮತ್ತು ಅದು ಮೊಳೆಯಿತು. ಜಪಾನಿನ ಚಿಬಾದ ಹತ್ತಿರ 1951ರಲ್ಲಿ ಸಸ್ಯವಿಜ್ಞಾನಿ ಇಚಿರೊ ಓಗಾ ಅಗೆದು ತೆಗೆದ ಪುರಾತನ ಬೀಜ ಮರುವರ್ಷವೇ ಹೂ ಬಿಟ್ಟಿತು. ಆ ತಳಿಗೆ ಅವರದೇ ಹೆಸರು. ನಮ್ಮ ಕಡೆಯ ಕೆರೆಗಳೂ ಹಳೆಯವೇ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ, ನಾಲ್ಕನೆಯ ಶತಮಾನದ್ದು. ಅದು ಹೇಳುವುದು ಕೆರೆ ಕಟ್ಟಿದ ಸಂಗತಿಯನ್ನು. ಕೋಟೆಯ ಒಳಗಂತೂ ಮೇಲಿನ ಹೊಂಡ ತುಂಬಿ ಕೆಳಗಿನ ಹೊಂಡಕ್ಕೆ ಇಳಿಯುವಂತೆ ನೀರನ್ನು ನಡೆಸಿದ್ದಾರೆ. ಇಷ್ಟು ಕಾಲದಿಂದ ಕೆರೆ ಕಟ್ಟಿಕೊಂಡು ಬಂದ ನೆಲದ ಗೋಡಿನಲ್ಲಿ ಏನೇನು ಮಲಗಿದೆಯೋ ಎಂದು ಯೋಚಿಸಿದರೆ ನನಗೆ ಮೈ ಜುಮ್ಮೆನ್ನುತ್ತದೆ.

ಅಜ್ಜಿಯ ಬಾನಿಗೆ ಮರಳೋಣ. ಬೀಜದ ಗಿಡ ಹೂ ಬಿಡಲು ಸಾಮಾನ್ಯವಾಗಿ ಎರಡನೆಯ ವರ್ಷ ಬೇಕು. ಬೇಗ ಹೂ ಬೇಕೆನ್ನುವವರು ಬೇಸಿಗೆಯ ಮೊದಲಲ್ಲಿ ಗೆಡ್ಡೆ ತರುತ್ತಾರೆ, ಎರಡು ಮೂರು ಗೆಣ್ಣಿನದು, ಚೂಪು ತುದಿ ಮುರಿಯದೆ ಉಳಿದದ್ದು. ತುದಿ ಮುರಿದರೆ ಆ ಗೆಡ್ಡೆ ಕೊಳೆಯುವುದೇ ಹೆಚ್ಚು. ಬಾನಿಯ ಅರ್ಧದವರೆಗೆ ಕೆರೆಗೋಡು ತುಂಬಿ, ನೀರು ಹಾಕಿ ಅಂಬಲಿಯ ಹದಕ್ಕೆ ಕಲಸಿ, ಗೆಡ್ಡೆಯನ್ನು ಅಡ್ಡಲಾಗಿ ಮಲಗಿಸಿ, ತುದಿಯನ್ನು ಮಾತ್ರ ಕೆಸರಿನಿಂದ ಮೇಲೆ ಬಿಡಬೇಕು. ತೇಲದಂತೆ ಮೇಲೊಂದು ಚಪ್ಪಟೆ ಕಲ್ಲು. ಮೊದಲಿಗೆ ಮೂರು ನಾಲ್ಕು ಬೆರಳು ನೀರು ಸಾಕು, ಎಲೆ ಏರಿದಂತೆ ನೀರು ಏರಬೇಕು. “ಗೊಬ್ರ ಹಾಕ್ಬ್ಯಾಡ, ತೆಂಗಿನ ನಾರು ಹಾಕ್ಬ್ಯಾಡ. ಬರೀ ಗೋಡು. ನಿಂತ ಎಲೆ ಬಂದ ಮ್ಯಾಲೆ ನೋಡಾಣ,” ಅಜ್ಜಿಯ ಮಾತು. ನಿಂತ ಎಲೆ ಬಂದಮೇಲೆ ಒಣಗಿಸಿದ ಹಳೆ ಸಗಣಿ ಗೊಬ್ಬರವನ್ನು ಗೋಡಿನಲ್ಲಿ ಉಂಡೆ ಕಟ್ಟಿ, ತುದಿಯಿಂದ ದೂರಕ್ಕೆ, ಬಾನಿಯ ಅಂಚಿನಲ್ಲಿ ಮೊಳಕೈವರೆಗೆ ಕೈ ಇಳಿಸಿ ಹೂತಿಡುತ್ತಾರೆ. ದಿನಕ್ಕೆ ಐದಾರು ಗಂಟೆಯಾದರೂ ನೇರ ಬಿಸಿಲು ಬೀಳಬೇಕು. ನೆರಳಲ್ಲಿ ಎಲೆ ಬರುತ್ತದೆ, ಹೂ ಬರುವುದಿಲ್ಲ.

ಹಣ್ಣಾದ ಎಲೆ ಕತ್ತರಿಸುವಾಗ ನೀರಿನ ಮಟ್ಟದ ಮೇಲೆಯೇ ಕತ್ತರಿಸಿ. ದಂಟಿನ ಒಳಗೆ ಉದ್ದಕ್ಕೂ ಗಾಳಿ ಕೊಳವೆಗಳಿವೆ, ಎಲೆ ಎಳೆದ ಗಾಳಿ ಅವುಗಳ ಮೂಲಕವೇ ಕೆಸರಿನಾಳದ ಗೆಡ್ಡೆಗೆ ಇಳಿಯುತ್ತದೆ. ನೀರಿನೊಳಗೆ ಕುಯ್ದರೆ ಕೊಳವೆಗೆ ನೀರು ನುಗ್ಗುತ್ತದೆ. ಎಲೆಗೆ ಹೇನು ಕೂತರೆ ನೀರೆರಚಿ ತೊಳೆದರಾಯಿತು. ಸೊಳ್ಳೆಮರಿ ತಿನ್ನಲೆಂದು ಬಾನಿಗೆ ಗಪ್ಪಿ ಮೀನು ಬಿಟ್ಟಿದ್ದಾರೆ. ಆ ಮೀನು ಬಾನಿಯಲ್ಲೇ ಇರಲಿ. ಹೊರನಾಡಿನ ಮೀನನ್ನು ಕೆರೆಗೆ ಬಿಡುವುದು ಸರಿಯಲ್ಲ.

ಹೂ ಉದುರಿದ ಮೇಲೆ ಉಳಿಯುವ ಕಾಯಿ ಶವರಿನ ಮೂತಿಯನ್ನೇ ಹೋಲುತ್ತದೆ, ಪ್ರತಿ ತೂತಿನಲ್ಲೊಂದು ಬೀಜ. ಹಸಿರಿರುವಾಗ ಬಿಡಿಸಿ ತಿಂದರೆ ಎಳೆ ಬಾದಾಮಿಯ ರುಚಿ, ನಡುವಿನ ಹಸಿರು ಮೊಳಕೆ ಮಾತ್ರ ಕಹಿ, ಅದನ್ನು ತೆಗೆಯಬೇಕು. ಕರ್ರಗಾಗುವವರೆಗೆ ಬಿಟ್ಟರೆ ಕಾಯಿ ಬಾಗಿ ಬೀಜವನ್ನು ನೀರಿಗೆ ಚೆಲ್ಲುತ್ತದೆ. ಕೆರೆಯಲ್ಲಿ ಮೊಗ್ಗನ್ನೆಲ್ಲ ಕಿತ್ತರೆ ಈ ಚೆಲ್ಲುವಿಕೆ ನಿಲ್ಲುತ್ತದೆ. ಮೂಲೆಯೊಂದರ ಹೂವನ್ನು ಮುಟ್ಟದೆ ಬಿಡುವ ಹೂಕೀಳುವವರನ್ನು ಕಂಡಿದ್ದೇನೆ. ಅವರ ಮೇಲೆ ನನಗೆ ದೊಡ್ಡ ಗೌರವ.

ತಾವರೆಗೆ ಎಲ್ಲರೂ ಒಲಿದವರಲ್ಲ. ಮೀನಿನ ಗುತ್ತಿಗೆ ಹಿಡಿದವರಿಗೆ ಬಲೆ ಬೀಸಲು ಜಾಗ ಬೇಕು, ಎಲೆ ಕೆರೆ ತುಂಬ ಹರಡಿದರೆ ಕೆಳಗಿನ ನೀರಿಗೆ ಬೆಳಕು ಇಳಿಯುವುದಿಲ್ಲ. ಅವರ ದೂರು ನಿಜ. ಅರ್ಧ ಕೆರೆ ಬಯಲಾಗಿ, ಅರ್ಧ ತಾವರೆಯಾಗಿ ಇರುವಂತೆ ಬೇಸಿಗೆಯಲ್ಲಿ ಗೆಡ್ಡೆ ಕಿತ್ತು ಹದ್ದುಬಸ್ತಿನಲ್ಲಿಡುವುದು ಕಷ್ಟದ ಕೆಲಸವೇನಲ್ಲ. ನನಗೆ ಹೆಚ್ಚಿನ ಭಯ ಜೆಸಿಬಿಯದು. ಬರದ ವರ್ಷ ಹೂಳೆತ್ತುವಾಗ ಇಡೀ ಅಂಗಳವನ್ನು ಒಂದೇ ಸಲ ಕೆರೆಸಿ ಟ್ರ್ಯಾಕ್ಟರಿಗೆ ತುಂಬುತ್ತಾರೆ. ಗೋಡು ತೋಟಕ್ಕೆ ಬೇಕು, ಅಡಿಕೆಗೂ ತೆಂಗಿಗೂ ಅದಕ್ಕಿಂತ ಒಳ್ಳೆಯ ಊಟವಿಲ್ಲ; ಹೂಳು ತೆಗೆಯದಿದ್ದರೆ ಕೆರೆಯೂ ಉಳಿಯುವುದಿಲ್ಲ. ಆದರೆ ಆ ಗೋಡಿನ ಜೊತೆಗೇ ಗೆಡ್ಡೆ, ಬೀಜ ಎಲ್ಲ ಅಡಿಕೆಯ ಬುಡ ಸೇರುತ್ತವೆ, ನೀರೇ ನಿಲ್ಲದ ಜಾಗದಲ್ಲಿ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ 367 ಕೆರೆಗಳಿಗೆ ನೀರು ತುಂಬಿಸಬೇಕೆಂದಿದೆ, ಚಿತ್ರದುರ್ಗ ಜಿಲ್ಲೆಯವೂ ಅದರಲ್ಲಿ ಸೇರಿವೆ. ನೀರು ಬಂದಾಗ ಬರಿ ಗಟ್ಟಿ ನೆಲದ ಮೇಲೆ ನಿಂತರೆ ಆ ಕೆರೆಯಲ್ಲಿ ತಾವರೆ ಏಳುವುದಾದರೂ ಎಲ್ಲಿಂದ?

ಹೂಳೆತ್ತುವಾಗ ತೂಬಿನ ಹತ್ತಿರದ ತಗ್ಗಿನಲ್ಲಿ, ತೇವ ಕೊನೆಗೆ ಆರುವ ಕಡೆ, ಎರಡು ಬಂಡಿಯಗಲದ ಪಟ್ಟಿಯನ್ನು ಮುಟ್ಟದೆ ಬಿಡಿ ಎಂದು ಊರವರು ಹೇಳಬಹುದು. ಹಾಗೆ ಬಿಡದ ಕೆರೆಗಳಿಗೆ ಅಜ್ಜಿಯ ದಾರಿ ಇದೆ: ಯುಗಾದಿ ಕಳೆದ ಮೇಲೆ ಬೀಜ ಉಜ್ಜಿ ಲೋಟಕ್ಕೆ ಹಾಕಿ, ಬೇಸಿಗೆಯೆಲ್ಲ ಬಾನಿಯಲ್ಲಿ ಬೆಳೆಸಿ, ಹಸ್ತ ಚಿತ್ತೆಗೆ ಕೆರೆಯಲ್ಲಿ ಮೊಣಕಾಲುದ್ದ ನೀರು ನಿಂತಾಗ ಅಂಚಿನ ಕೆಸರಿನಲ್ಲಿ, ಎಮ್ಮೆ ತುಳಿಯದ ಕಡೆ ನೋಡಿ, ಗೋಡಿನ ಮುದ್ದೆ ಸಮೇತ ಇಳಿಸುವುದು. ಮಿಕ್ಕ ಬೀಜಗಳನ್ನು ಉಜ್ಜದೆ ಹಾಗೆಯೇ ನೀರಿಗೆ ಎಸೆಯುತ್ತಾರೆ ಅವರು. “ಅವು ಈ ವರ್ಷಕ್ಕಲ್ಲ,” ಎಂದರು.