ಗಣಕದೊಳಗಿನ ನೀರುಗಂಟಿ

ಇರುವ ದಾರಿಯನ್ನು ನಾವೇ ಕೊಂಚ ಕಿರಿದುಗೊಳಿಸಿಕೊಂಡರೆ ಸಂಚಾರ ಸುಗಮವಾಗುತ್ತದೆ ಎಂದರೆ ಕೇಳಿದವರು ನಕ್ಕಾರು. ಆದರೂ ಜಾಲಕ್ಕೆ ಸೇರಿದ ಸರ್ವರ್ ಗಣಕಗಳ ಮಟ್ಟಿಗೆ ಇದು ನಿಜ. ಹೇಗೆಂಬುದನ್ನು ತಿಳಿಯಲು ಒಂದು ಹಳೆಯ ಸಂಗತಿಯಿಂದ ಹೊರಡೋಣ.

1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ನೆರೆಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೂ ನಡುವಣ ಸಂಪರ್ಕ ಇದ್ದಕ್ಕಿದ್ದಂತೆ ಕುಸಿಯಿತು. ಇವೆರಡರ ನಡುವಣ ಅಂತರ ಸುಮಾರು 400 ಗಜ ಮಾತ್ರ. ಸೆಕೆಂಡಿಗೆ 32,000 ಬಿಟ್ಟುಗಳು ಸಾಗುತ್ತಿದ್ದಲ್ಲಿ 40 ಬಿಟ್ಟುಗಳು ತೆವಳತೊಡಗಿದವು. ತಂತಿಯೇನೂ ಕಡಿದಿರಲಿಲ್ಲ, ಎಲ್ಲರೂ ಒಮ್ಮೆಲೇ ನುಗ್ಗಿ, ಕಳೆದುಹೋದುದನ್ನು ಮತ್ತೆ ಮತ್ತೆ ಕಳುಹಿಸಿ ದಾರಿಯನ್ನೇ ಕಟ್ಟಿಬಿಟ್ಟಿದ್ದರು. ವ್ಯಾನ್ ಜೇಕಬ್ಸನ್ ಎಂಬವರು ಇದರ ಕಾರಣವನ್ನೂ ಪರಿಹಾರವನ್ನೂ 1988ರಲ್ಲಿ ಪ್ರಕಟಿಸಿದರು. ಪ್ಯಾಕೆಟ್ಟು ಕಳೆದುಹೋದರೆ ಕಳುಹಿಸುವವನು ತಾನಾಗಿಯೇ ವೇಗ ತಗ್ಗಿಸಬೇಕೆಂಬ ಮರ್ಯಾದೆ ಟಿಸಿಪಿ ಎಂಬ ಸಂವಹನ ನಿಯಮದಲ್ಲಿ ಹೀಗೆ ನೆಲೆಗೊಂಡಿತು.

ಆದರೆ ಈ ಮರ್ಯಾದೆಯೊಂದೇ ಸಾಲದು. ಒಂದು ಕಚೇರಿಯ ಸರ್ವರನ್ನು ಊಹಿಸಿಕೊಳ್ಳಿ. ಅಲ್ಲಿಂದ ಮೋಡೆಮಿನವರೆಗೆ ಸೆಕೆಂಡಿಗೆ 100 ಕೋಟಿ ಬಿಟ್ಟುಗಳ ಹೆದ್ದಾರಿ. ಆಚೆಗೆ 1 ಕೋಟಿ ಬಿಟ್ಟುಗಳ ಕಾಲುದಾರಿ. ದಿನದ ಕಡತಗಳ ಪ್ರತಿಯನ್ನು ದೂರದ ಯಂತ್ರಕ್ಕೆ ಕಳುಹಿಸತೊಡಗಿದೊಡನೆ ಮೋಡೆಮಿನ ಸ್ಮರಣಕೋಶ ತುಂಬಿಕೊಳ್ಳುತ್ತದೆ. ಅದರಲ್ಲಿ 80 ಲಕ್ಷ ಬಿಟ್ಟುಗಳು ಸಾಲುಗಟ್ಟಿದರೆ ಸಾಲು ಕರಗಲು ಮುಕ್ಕಾಲು ಸೆಕೆಂಡಿಗೂ ಹೆಚ್ಚು ಬೇಕು. ಅದೇ ತಂತಿಯಲ್ಲಿ ಯಾರೋ ವೈದ್ಯರೊಡನೆ ಮಾತಾಡುತ್ತಿದ್ದರೆನ್ನಿ, ಅವರ ಒಂದೊಂದು ಮಾತೂ ಆ ಸಾಲಿನ ಬಾಲದಲ್ಲಿ ನಿಲ್ಲಬೇಕಾಗುತ್ತದೆ. ಮೋಡೆಮಿಗೆ ಮಾತೂ ಒಂದೇ, ಕಡತವೂ ಒಂದೇ.

ಆದ್ದರಿಂದ ಸರ್ವರಿನ ತಂತ್ರಾಂಶದಲ್ಲಿಯೇ 95 ಲಕ್ಷ ಬಿಟ್ಟುಗಳ ಮಿತಿ ಹಾಕುತ್ತಾರೆ. ಇದರಲ್ಲಿ ಜಿಪುಣತನವಿಲ್ಲ. ಮಿತಿಯು ತಂತಿಯ ಶಕ್ತಿಗಿಂತ ತುಸು ಕಡಿಮೆಯಿದ್ದರೆ ಮೋಡೆಮಿನಲ್ಲಿ ಸಾಲು ಬೆಳೆಯುವುದಿಲ್ಲ. ಸಾಲು ನಮ್ಮ ಯಂತ್ರದೊಳಗೇ ನಿಲ್ಲುತ್ತದೆ, ಅದರ ಯಜಮಾನಿಕೆ ನಮ್ಮದಾಗುತ್ತದೆ. ಕೆರೆಯ ತೂಬಿನ ಬಳಿ ನೀರುಗಂಟಿ ನಿಂತು ಯಾವ ಗದ್ದೆಗೆ ಯಾವಾಗ ಎಷ್ಟೆಂದು ನಿರ್ಣಯಿಸುವಂತೆಯೇ ಇದು.

ಅಳತೆಯ ಉಪಾಯ ಸೊಗಸಾಗಿದೆ. ಒಂದು ಬಕೆಟ್ಟಿಗೆ ಗೊತ್ತಾದ ವೇಗದಲ್ಲಿ ಚೀಟಿಗಳು ಬೀಳುತ್ತಿರುತ್ತವೆ ಎಂದು ಲೆಕ್ಕ. ಪ್ರತಿ ಪ್ಯಾಕೆಟ್ಟೂ ತನ್ನ ಗಾತ್ರಕ್ಕೆ ತಕ್ಕಷ್ಟು ಚೀಟಿ ತೆತ್ತು ಹೊರಡಬೇಕು. ಚೀಟಿ ಇಲ್ಲವಾದರೆ ಕಾಯಬೇಕು. ಸುಮ್ಮನಿದ್ದಾಗ ಚೀಟಿಗಳು ಬಕೆಟ್ಟಿನ ಅಂಚಿನವರೆಗೆ ಕೂಡುತ್ತವೆ, ಆದಕಾರಣ ಒಂದು ಸಣ್ಣ ಧಾವಂತಕ್ಕೆ ಅವಕಾಶವುಂಟು. ಅಂಚು ಮೀರಿದವು ನಷ್ಟ. ಲಿನಕ್ಸ್ ವ್ಯವಸ್ಥೆಗೆ 2002ರಲ್ಲಿ ಸೇರಿದ ಎಚ್‌ಟಿಬಿ ಎಂಬ ವಿಧಾನದಲ್ಲಿ ಇಂಥ ಬಕೆಟ್ಟುಗಳು ಮನೆತನದ ವಂಶವೃಕ್ಷದಂತೆ ಕವಲೊಡೆಯುತ್ತವೆ. ಮಾತಿಗೆ 10 ಲಕ್ಷ ಬಿಟ್ಟುಗಳು ಮೀಸಲೆನ್ನೋಣ. ಮಾತಾಡುವವರಿಲ್ಲದಾಗ ಅದನ್ನು ಕಡತಗಳು ಸಾಲ ಪಡೆಯುತ್ತವೆ, ಕರೆ ಬಂದೊಡನೆ ಬಿಟ್ಟುಕೊಡುತ್ತವೆ. ಮನುಷ್ಯರ ಸಾಲಗಳು ಇಷ್ಟು ಬೇಗ ತೀರುವುದಿಲ್ಲವಷ್ಟೆ.

ಒಳಬರುವ ಸಂಚಾರದ ಮೇಲೆ ಮಾತ್ರ ಈ ಅಧಿಕಾರ ಅರೆಬರೆ. ಬಂದ ಪ್ಯಾಕೆಟ್ಟು ಆಗಲೇ ಕಾಲುದಾರಿಯನ್ನು ದಾಟಿರುತ್ತದೆ. ಅದನ್ನು ತಡೆಯಬಹುದು, ಇಲ್ಲವೇ ಬೀಳಿಸಬಹುದು. ಕಳುಹಿಸಿದವನು ಜೇಕಬ್ಸನ್ನರ ಮರ್ಯಾದೆಯನ್ನು ಪಾಲಿಸುವವನಾದರೆ ನಿಧಾನಿಸುತ್ತಾನೆ. ಕೇಡೆಣಿಸಿ ಪ್ರವಾಹ ಹರಿಸುವವನು ನಿಧಾನಿಸುವುದಿಲ್ಲ. ಅದಕ್ಕೆ ಮೇಲಿನ ಕಾಲುವೆಯಲ್ಲೇ, ಎಂದರೆ ಸಂಪರ್ಕ ಒದಗಿಸುವ ಸಂಸ್ಥೆಯ ಯಂತ್ರದಲ್ಲೇ, ಅಡ್ಡ ಕಟ್ಟಿಸಬೇಕಾಗುತ್ತದೆ.