ಗಡ್ಡೆಗೂ ಉಂಟು ಜಾತಕ!

ನಮ್ಮ ಯಜಮಾನರ ಅಕ್ಕನಿಗೆ ಮುಟ್ಟು ನಿಂತು ಎರಡು ವರ್ಷವಾಗಿತ್ತು. ಒಂದು ದಿನ ಮತ್ತೆ ರಕ್ತದ ಕಲೆ ಕಾಣಿಸಿತು. ‘ಈ ವಯಸ್ಸಲ್ಲಿ ಇದನ್ನೆಲ್ಲಾ ಯಾರ ಹತ್ರ ಹೇಳೋದು’ ಅಂತ ಅತ್ತಿಗೆ ಮೂರು ತಿಂಗಳು ಬಾಯಿ ಬಿಡಲಿಲ್ಲ. ಕೊನೆಗೆ ಪರೀಕ್ಷೆ ಮಾಡಿಸಿದಾಗ ಗೊತ್ತಾಗಿದ್ದು, ಗರ್ಭಕೋಶದ ಒಳಪದರದ ಕ್ಯಾನ್ಸರ್. ಆಪರೇಷನ್ ಆಯ್ತು. ‘ಮೊದಲ ಹಂತ’ ಎಂದರು ಡಾಕ್ಟರು. ಸದ್ಯ, ಬಚಾವಾದ್ವಿ ಅಂದುಕೊಂಡೆವು. ಅವರು ಮಾತ್ರ, ‘ತಾಳಿ, ತೆಗೆದ ಗಡ್ಡೆಗೆ ಇನ್ನೊಂದು ಪರೀಕ್ಷೆ ಆಗಲಿ’ ಎಂದರು.

ಯಾಕೆ ಗೊತ್ತೇ? ಒಂದೇ ಹಂತದ ಕಾಯಿಲೆ ಇಬ್ಬರಲ್ಲಿ ಒಂದೇ ಥರ ಇರುವುದಿಲ್ಲ. ಒಬ್ಬರಲ್ಲಿ ಮತ್ತೆ ತಲೆ ಹಾಕುವುದಿಲ್ಲ, ಇನ್ನೊಬ್ಬರಲ್ಲಿ ಮರುಕಳಿಸುತ್ತದೆ. ಇದರ ಗುಟ್ಟು ಬಹುಮಟ್ಟಿಗೆ ಗಡ್ಡೆಯ ಜೀನ್‌ಗಳಲ್ಲಿದೆ. 2013ರಲ್ಲಿ ಅಮೆರಿಕದ ‘ಕ್ಯಾನ್ಸರ್ ಜೀನೋಮ್ ಅಟ್ಲಾಸ್’ ವಿಜ್ಞಾನಿಗಳು 373 ಗಡ್ಡೆಗಳನ್ನು ಪರಿಶೀಲಿಸಿ, ಈ ಕ್ಯಾನ್ಸರನ್ನು ನಾಲ್ಕು ಗುಂಪಾಗಿ ವಿಂಗಡಿಸಿದರು.

* ‘ಪೋಲ್-ಇ’ ಜೀನ್‌ನಲ್ಲಿ ನಿರ್ದಿಷ್ಟ ಬದಲಾವಣೆ ಇದ್ದರೆ, ಗಡ್ಡೆ ನೋಡಲು ಉಗ್ರವಾಗಿದ್ದರೂ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು.

* ‘ಪಿ53’ ಕೆಟ್ಟಿದ್ದರೆ ಹುಷಾರಾಗಿರಬೇಕು. ಮರುಕಳಿಸುವ ಭಯ ಜಾಸ್ತಿ. ರೇಡಿಯೇಷನ್ ಜೊತೆ ಕಿಮೋಥೆರಪಿಯೂ ಬೇಕಾಗಬಹುದು.

* ‘ಎಂಎಂಆರ್’ ದೋಷ ಎಂದರೆ ಡಿಎನ್‌ಎ ತಪ್ಪುಗಳನ್ನು ತಿದ್ದುವ ವ್ಯವಸ್ಥೆ ಹಾಳಾಗಿದೆ ಎಂದರ್ಥ. (ಮಕ್ಕಳಿಗೆ ಹಾಕಿಸುವ ಲಸಿಕೆಗೂ ಇದಕ್ಕೂ ಸಂಬಂಧವಿಲ್ಲ!) ಅಪಾಯ ಮಧ್ಯಮ. ಆದರೆ ಕೆಲವರಲ್ಲಿ ಇದು ವಂಶದಿಂದ ಬಂದ ‘ಲಿಂಚ್ ಸಿಂಡ್ರೋಮ್’ ಆಗಿರುತ್ತದೆ.

* ಈ ಮೂರೂ ಇಲ್ಲದ್ದು ನಾಲ್ಕನೇ ಗುಂಪು. ಇಲ್ಲೂ ಅಪಾಯ ಸಾಮಾನ್ಯವಾಗಿ ಮಧ್ಯಮ.

2023ರಿಂದ ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ ‘ಫಿಗೋ’ ಕಾಯಿಲೆಯ ಹಂತ ನಿರ್ಧರಿಸುವಾಗಲೂ ಪೋಲ್-ಇ, ಪಿ53 ಫಲಿತಾಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿದೆ.

ಹಾಗಾಗಿ ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಬಂದಿದ್ದರೆ, ‘ಪಿ53, ಎಂಎಂಆರ್ ಪರೀಕ್ಷೆ ಆಗಿದೆಯಾ? ಪೋಲ್-ಇ ಬೇಕಾಗುತ್ತಾ?’ ಎಂದು ಸಂಕೋಚವಿಲ್ಲದೆ ಕೇಳಿ. ಮೊದಲೆರಡನ್ನು ಗಡ್ಡೆಯ ಚೂರಿಗೆ ಬಣ್ಣ ಹಾಕಿ ನೋಡುತ್ತಾರೆ. ಪೋಲ್-ಇಗೆ ಜೀನ್ ಪರೀಕ್ಷೆಯೇ ಆಗಬೇಕು, ಖರ್ಚು ಸ್ವಲ್ಪ ಹೆಚ್ಚು. ರಿಪೋರ್ಟುಗಳನ್ನು ಜೋಪಾನವಾಗಿಡಿ. ಒಂದು ನೆನಪಿರಲಿ, ಈ ಜಾತಕ ಹೇಳುವುದು ಸಾಧ್ಯತೆಯನ್ನಷ್ಟೇ, ಹಣೆಬರಹವನ್ನಲ್ಲ.

ಅತ್ತಿಗೆಗೆ ಬಂದದ್ದು ಎಂಎಂಆರ್ ದೋಷ. ಆಮೇಲಿನ ರಕ್ತಪರೀಕ್ಷೆಯಲ್ಲಿ ಲಿಂಚ್ ಖಚಿತವಾಯ್ತು. ಇದ್ದವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯವೂ ಹೆಚ್ಚು, ಗಂಡಸರಿಗೂ ಬಿಟ್ಟಿದ್ದಲ್ಲ. ಅವರ ಮಗಳು, ನಮ್ಮ ಯಜಮಾನರು ಇಬ್ಬರೂ ಪರೀಕ್ಷೆ ಮಾಡಿಸಿಕೊಂಡರು. ಮಗಳಿಗಿಲ್ಲ, ಇವರಿಗಿದೆ. ಈಗ ತಪ್ಪದೆ ಕೊಲೊನೋಸ್ಕೋಪಿ ಮಾಡಿಸುತ್ತಾರೆ. ಅಕ್ಕನ ಕಾಯಿಲೆ ತಮ್ಮನನ್ನು ಎಚ್ಚರಿಸಿತು.

ಅತ್ತಿಗೆ ಈಗ ಎಲ್ಲರಿಗೂ ಹೇಳೋದು ಒಂದೇ ಮಾತು: ‘ನಾನು ಮೂರು ತಿಂಗಳು ಮುಚ್ಚಿಟ್ಟೆ. ನೀವು ಮೂರು ದಿನಾನೂ ಮುಚ್ಚಿಡಬೇಡಿ ಕಣ್ರೇ.’